ಐದು ವರ್ಷ ಬದುಕುವವರು ನೂರಕ್ಕೆ ಎಷ್ಟು? – ಆಸ್ಪತ್ರೆಯ ಲೆಕ್ಕವನ್ನು ಓದುವ ಬಗೆ

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್, ಹೃದಯದ ಕಾಯಿಲೆ ಅಥವಾ ಮೂತ್ರಪಿಂಡದ ವೈಫಲ್ಯದಂತಹ ದೊಡ್ಡ ರೋಗ ಇದೆಯೆಂದು ತಿಳಿದಾಗ, ಮೊದಲ ಆಘಾತ ಕಳೆದ ಮೇಲೆ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಇನ್ನೆಷ್ಟು ವರ್ಷ?’ ವೈದ್ಯರು ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವುದು ಕಡಿಮೆ. ಹೇಳಿದರೂ ‘ಈ ಹಂತದಲ್ಲಿ ಐದು ವರ್ಷ ಬದುಕುವವರು ನೂರಕ್ಕೆ ನಲವತ್ತೈದು’ ಎಂಬಂತಹ ಮಾತು ಹೇಳುತ್ತಾರೆ. ಕೇಳಿದವರಲ್ಲಿ ಒಬ್ಬರು ‘ಅಂದರೆ ಉಳಿಯುವುದಿಲ್ಲ’ ಎಂದು ಕಣ್ಣೀರು ಹಾಕುತ್ತಾರೆ. ಇನ್ನೊಬ್ಬರು ‘ಅರ್ಧದಷ್ಟು ಜನ ಉಳಿಯುತ್ತಾರಂತೆ’ ಎಂದು ಸಮಾಧಾನ ಪಡುತ್ತಾರೆ. ಹೊಲ ಮಾರಿ ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕೇ, ಕಷ್ಟದ ಚಿಕಿತ್ಸೆಯನ್ನು ಕೊಡಿಸಬೇಕೇ ಎಂಬ ನಿರ್ಧಾರಗಳು ಈ ಒಂದು ಅಂಕಿಯ ಮೇಲೆ ನಿಂತಿರುತ್ತವೆ.

ಆದರೆ ಆ ಅಂಕಿ ಎಲ್ಲಿಂದ ಬಂತು? ಅದನ್ನು ಲೆಕ್ಕ ಹಾಕಿದವರು ಯಾವ ವಿಧಾನ ಬಳಸಿದರು? ಒಂದೇ ರೋಗಿಗಳ ಗುಂಪನ್ನು ಇಟ್ಟುಕೊಂಡು ಒಂದು ವಿಧಾನದಲ್ಲಿ 36, ಇನ್ನೊಂದರಲ್ಲಿ 57, ಮತ್ತೊಂದರಲ್ಲಿ 45 ಎಂಬ ಉತ್ತರ ಬರಬಹುದು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಈ ವಾರ ಆ ಲೆಕ್ಕದ ಒಳಗುಟ್ಟನ್ನು ತಿಳಿಯೋಣ. ಕೂಡುವುದು, ಭಾಗಿಸುವುದು, ಗುಣಿಸುವುದು ಗೊತ್ತಿದ್ದರೆ ಸಾಕು.

ತೊಡಕು ಎಲ್ಲಿದೆ?

ಒಬ್ಬ ರೈತ ತನ್ನ ತೋಟದಲ್ಲಿ ತೆಂಗಿನ ಸಸಿ ನೆಟ್ಟಿದ್ದಾನೆ ಎಂದುಕೊಳ್ಳಿ. ಕೆಲವನ್ನು ಆರು ವರ್ಷದ ಹಿಂದೆ, ಕೆಲವನ್ನು ಮೂರು ವರ್ಷದ ಹಿಂದೆ, ಕೆಲವನ್ನು ಕಳೆದ ಮಳೆಗಾಲದಲ್ಲಿ ನೆಟ್ಟಿದ್ದಾನೆ. ‘ನಿಮ್ಮ ತೋಟದಲ್ಲಿ ಸಸಿಗಳು ಐದು ವರ್ಷ ಬದುಕುವುದು ನೂರಕ್ಕೆ ಎಷ್ಟು?’ ಎಂದು ಕೇಳಿದರೆ ಅವನು ಹೇಗೆ ಲೆಕ್ಕ ಹಾಕಬೇಕು? ಆರು ವರ್ಷದ ಹಿಂದಿನ ಸಸಿಗಳ ವಿಷಯ ಸ್ಪಷ್ಟ. ಸತ್ತಿದ್ದರೆ ಸತ್ತಿವೆ, ಉಳಿದಿದ್ದರೆ ಐದು ವರ್ಷ ದಾಟಿವೆ. ಆದರೆ ಮೂರು ವರ್ಷದ ಹಿಂದೆ ನೆಟ್ಟು, ಇಂದಿಗೂ ಹಸಿರಾಗಿರುವ ಸಸಿಯನ್ನು ಯಾವ ಪಟ್ಟಿಗೆ ಸೇರಿಸುವುದು? ಅದು ಐದು ವರ್ಷ ದಾಟಿಲ್ಲ, ಸತ್ತೂ ಇಲ್ಲ. ಅದರ ಬಗ್ಗೆ ನಮಗೆ ಗೊತ್ತಿರುವುದು ಒಂದೇ: ಮೂರು ವರ್ಷವಂತೂ ಬದುಕಿದೆ.

ರೋಗಿಗಳ ವಿಷಯವೂ ಹೀಗೆಯೇ. ಆಸ್ಪತ್ರೆಗೆ ಎಲ್ಲರೂ ಒಂದೇ ದಿನ ಬಂದು ಸೇರುವುದಿಲ್ಲ. ಅಧ್ಯಯನ ಮುಗಿಯುವ ದಿನ ಕೆಲವರು ಬಂದು ಏಳು ವರ್ಷವಾಗಿರುತ್ತದೆ, ಕೆಲವರಿಗೆ ಏಳು ತಿಂಗಳು. ಕೆಲವರು ಊರು ಬಿಟ್ಟು ಹೋಗಿರುತ್ತಾರೆ, ಕೆಲವರು ಬೇರೆ ಆಸ್ಪತ್ರೆಗೆ ಹೋಗಿರುತ್ತಾರೆ. ಇಂತಹವರ ದಾಖಲೆ ಅಪೂರ್ಣ. ಸಂಖ್ಯಾಶಾಸ್ತ್ರಜ್ಞರು ಇದನ್ನು ಸೆನ್ಸಾರ್ ಆದ ದಾಖಲೆ ಎನ್ನುತ್ತಾರೆ. ಸಿನಿಮಾ ಸೆನ್ಸಾರ್‌ಗೂ ಇದಕ್ಕೂ ಸಂಬಂಧವಿಲ್ಲ. ಕಥೆಯ ಕೊನೆ ನಮಗೆ ಕಾಣಲಿಲ್ಲ ಎಂಬುದಷ್ಟೇ ಅರ್ಥ. ಉಳಿವಿನ ಲೆಕ್ಕದ ವಿಧಾನಗಳ ನಡುವೆ ಇರುವ ವ್ಯತ್ಯಾಸವೆಲ್ಲ, ಈ ಅಪೂರ್ಣ ದಾಖಲೆಗಳನ್ನು ಅವು ಹೇಗೆ ನಡೆಸಿಕೊಳ್ಳುತ್ತವೆ ಎಂಬುದರಲ್ಲಿದೆ.

ನಲವತ್ತೆರಡು ರೋಗಿಗಳು

ಇದಕ್ಕೆ ಒಂದು ನಿಜವಾದ ಪ್ರಯೋಗವನ್ನೇ ನೋಡೋಣ. ರಕ್ತದ ಕ್ಯಾನ್ಸರ್ ಆದ ತೀವ್ರ ಲುಕೇಮಿಯಾ ಒಂದು ಕಾಲದಲ್ಲಿ ಮಕ್ಕಳ ಪಾಲಿಗೆ ಮರಣಶಾಸನವೇ ಆಗಿತ್ತು. ಸ್ಟೀರಾಯ್ಡ್ ಔಷಧಿ ಕೊಟ್ಟರೆ ರೋಗ ಅಡಗುತ್ತಿತ್ತು. ಆದರೆ ಕೆಲವೇ ವಾರಗಳಲ್ಲಿ ಮತ್ತೆ ಮರುಕಳಿಸುತ್ತಿತ್ತು. ಅಮೆರಿಕದ ಎಮಿಲ್ ಫ್ರೈರೈಕ್ ಮತ್ತು ಅವರ ಸಹೋದ್ಯೋಗಿ ವೈದ್ಯರು, ರೋಗ ಅಡಗಿದ ಮೇಲೂ 6-ಮರ್‌ಕ್ಯಾಪ್ಟೊಪ್ಯೂರಿನ್ ಎಂಬ ಔಷಧಿಯನ್ನು ಮುಂದುವರಿಸಿದರೆ ಮರುಕಳಿಸುವುದನ್ನು ತಡೆಯಬಹುದೇ ಎಂದು ಪರೀಕ್ಷಿಸಿ 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಔಷಧಿಯನ್ನು ಕಂಡುಹಿಡಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಪ್ರಯೋಗದಲ್ಲಿ ಎಳೆಯ ವಯಸ್ಸಿನ ರೋಗಿಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡು, ಚೀಟಿ ಎತ್ತಿದಂತೆ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ಪ್ಲಾಸಿಬೊ ಎನ್ನುವ ಹುಸಿ ಗುಳಿಗೆ ಕೊಟ್ಟರು. ಹೀಗೆ 21 ಜೋಡಿಗಳು, ಒಟ್ಟು 42 ರೋಗಿಗಳು. ಹುಸಿ ಗುಳಿಗೆಯ ಗುಂಪಿನಲ್ಲಿ 23 ವಾರ ಮುಗಿಯುವಷ್ಟರಲ್ಲಿ 21 ಮಂದಿಗೂ ರೋಗ ಮರುಕಳಿಸಿತ್ತು. ಇಲ್ಲಿ ಲೆಕ್ಕದ ತೊಡಕೇ ಇಲ್ಲ. ಔಷಧಿ ಪಡೆದ 21 ಮಂದಿಯಲ್ಲಿ 9 ಮಂದಿಗೆ ಮಾತ್ರ ಮರುಕಳಿಸಿತ್ತು. ಉಳಿದ 12 ಮಂದಿ ಕಡೆಯ ಬಾರಿ ನೋಡಿದಾಗ ಚೆನ್ನಾಗಿದ್ದರು. ಆದರೆ ಈ ಹನ್ನೆರಡರಲ್ಲಿ 7 ಮಂದಿಯನ್ನು ನೋಡಿದ್ದು 24 ವಾರಕ್ಕಿಂತ ಕಡಿಮೆ ಅವಧಿ. ಒಬ್ಬರನ್ನು 6 ವಾರ, ಒಬ್ಬರನ್ನು 9, ಮಿಕ್ಕವರನ್ನು 10, 11, 17, 19, 20 ವಾರ. ಇನ್ನುಳಿದ 5 ಮಂದಿಯನ್ನು 25ರಿಂದ 35 ವಾರಗಳವರೆಗೆ ನೋಡಿದ್ದರು.

ಈಗ ಪ್ರಶ್ನೆ: ಔಷಧಿ ಪಡೆದವರಲ್ಲಿ 24 ವಾರ ಕಳೆದರೂ ರೋಗ ಮರುಕಳಿಸದೆ ಇರುವವರು ನೂರಕ್ಕೆ ಎಷ್ಟು?

ಎರಡು ತಪ್ಪು ದಾರಿಗಳು

ಮೊದಲನೆಯ ದಾರಿ: ಪೂರ್ತಿ ಮಾಹಿತಿ ಇಲ್ಲದವರನ್ನು ಪಟ್ಟಿಯಿಂದ ತೆಗೆದುಹಾಕುವುದು. 21ರಲ್ಲಿ 7 ಕಳೆದರೆ 14. ಇವರಲ್ಲಿ 9 ಮಂದಿಗೆ ಮರುಕಳಿಸಿದೆ, 5 ಮಂದಿ ಚೆನ್ನಾಗಿದ್ದಾರೆ. ಐದನ್ನು ಹದಿನಾಲ್ಕರಿಂದ ಭಾಗಿಸಿದರೆ ಶೇ. 36. ಆದರೆ ಇದು ಅನ್ಯಾಯದ ಲೆಕ್ಕ. 20 ವಾರ ಆರೋಗ್ಯವಾಗಿದ್ದವರ ಇಪ್ಪತ್ತು ವಾರಗಳನ್ನೂ ನಾವು ಕಸದ ಬುಟ್ಟಿಗೆ ಹಾಕಿದಂತಾಯಿತು. ಬೇಗ ಮರುಕಳಿಸಿದವರು ಮಾತ್ರ ಖಂಡಿತವಾಗಿ ಪಟ್ಟಿಯಲ್ಲಿ ಉಳಿಯುತ್ತಾರೆ, ಚೆನ್ನಾಗಿದ್ದವರು ಜಾರಿಹೋಗುತ್ತಾರೆ. ಆದ್ದರಿಂದ ಔಷಧಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಎರಡನೆಯ ದಾರಿ: ‘ಮರುಕಳಿಸಿದ್ದು ಗೊತ್ತಿಲ್ಲ ಎಂದ ಮೇಲೆ ಚೆನ್ನಾಗಿಯೇ ಇರಬೇಕು’ ಎಂದು ಎಲ್ಲ ಹನ್ನೆರಡು ಮಂದಿಯನ್ನೂ ಗೆದ್ದವರ ಪಟ್ಟಿಗೆ ಸೇರಿಸುವುದು. ಹನ್ನೆರಡನ್ನು ಇಪ್ಪತ್ತೊಂದರಿಂದ ಭಾಗಿಸಿದರೆ ಶೇ. 57. ಇದು ಆಶಾವಾದದ ಲೆಕ್ಕ. 6 ವಾರ ಮಾತ್ರ ನೋಡಿದವರನ್ನು 24 ವಾರ ಗೆದ್ದವರೆಂದು ಬರೆದುಕೊಂಡಂತೆ. ‘ನಮ್ಮಲ್ಲಿ ಚಿಕಿತ್ಸೆ ಪಡೆದ ಇಷ್ಟು ಮಂದಿಯಲ್ಲಿ ಇಷ್ಟು ಮಂದಿ ಆರೋಗ್ಯವಾಗಿದ್ದಾರೆ’ ಎಂದು ಸಾರುವ ಜಾಹೀರಾತುಗಳು ಬಹುಮಟ್ಟಿಗೆ ಈ ಜಾತಿಯವು. ಕಳೆದ ತಿಂಗಳು ಸೇರಿದವರು ಈ ತಿಂಗಳು ಬದುಕಿರುವುದು ಚಿಕಿತ್ಸೆಯ ಹೆಗ್ಗಳಿಕೆಯೇನಲ್ಲ.

ಹಳೆಯ ಸರಿದಾರಿ: ಜೀವಿತ ಕೋಷ್ಟಕ

ಸರಿಯಾದ ದಾರಿಯ ಮೂಲ ವಿಮೆಯವರ ಲೆಕ್ಕದಲ್ಲಿದೆ. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಜನನ ಮರಣಗಳ ದಾಖಲೆಯಿಂದ ಯಾವ ವಯಸ್ಸಿನವರು ಎಷ್ಟು ಮಂದಿ ಉಳಿಯುತ್ತಾರೆಂಬ ಕೋಷ್ಟಕವನ್ನು ತಯಾರಿಸಿದ. ಆ ನಗರ ಇಂದು ಪೋಲೆಂಡಿನಲ್ಲಿದೆ. ಜೀವವಿಮೆಯ ಕಂತನ್ನು ನಿಗದಿ ಮಾಡುವ ವಿದ್ಯೆ ಇಂತಹ ಕೋಷ್ಟಕಗಳಿಂದಲೇ ಬೆಳೆಯಿತು. ಅದನ್ನು ರೋಗಿಗಳ ಲೆಕ್ಕಕ್ಕೆ ಒಗ್ಗಿಸಿ ವೈದ್ಯರಲ್ಲಿ ಬಳಕೆಗೆ ತಂದವರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಬರ್ಕ್‌ಸನ್ ಮತ್ತು ಗೇಜ್ ಮುಖ್ಯರು. ಅವರ ಲೇಖನ ಬಂದದ್ದು 1950ರಲ್ಲಿ.

ವಿಧಾನ ಸರಳ. ಕಾಲವನ್ನು ಸಮ ಕಂತುಗಳಾಗಿ ವಿಂಗಡಿಸುವುದು. ಪ್ರತಿ ಕಂತಿನಲ್ಲಿ, ಆರಂಭದಲ್ಲಿದ್ದವರಲ್ಲಿ ಎಷ್ಟು ಭಾಗ ದಾಟಿದರು ಎಂದು ನೋಡುವುದು. ಬಳಿಕ ಆ ಭಾಗಗಳನ್ನು ಒಂದಕ್ಕೊಂದು ಗುಣಿಸುವುದು. ಕಂತಿನ ನಡುವೆ ಕಣ್ಮರೆಯಾದವರನ್ನು, ಸರಾಸರಿ ಅರ್ಧ ಕಂತು ನೋಡಿದೆವು ಎಂದುಕೊಂಡು, ಅರ್ಧ ಆಳಾಗಿ ಎಣಿಸುವುದು.

ನಮ್ಮ ಉದಾಹರಣೆಯಲ್ಲಿ 12 ವಾರಗಳ ಎರಡು ಕಂತು ಮಾಡೋಣ. ಮೊದಲ ಕಂತಿನ ಆರಂಭದಲ್ಲಿ 21 ಮಂದಿ. 5 ಮಂದಿಗೆ ಮರುಕಳಿಸಿತು, 4 ಮಂದಿಯ ದಾಖಲೆ ನಡುವೆಯೇ ನಿಂತಿತು. ನಾಲ್ವರನ್ನು ಅರ್ಧ ಅರ್ಧ ಆಳಾಗಿ ಎಣಿಸಿದರೆ ಲೆಕ್ಕಕ್ಕೆ ಸಿಗುವವರು 19. ಹತ್ತೊಂಬತ್ತರಲ್ಲಿ ದಾಟಿದವರು 14, ಅಂದರೆ 0.737. ಎರಡನೆಯ ಕಂತಿನ ಆರಂಭದಲ್ಲಿ 12 ಮಂದಿ. 4 ಮಂದಿಗೆ ಮರುಕಳಿಸಿತು, 3 ಮಂದಿಯ ದಾಖಲೆ ನಿಂತಿತು. ಲೆಕ್ಕಕ್ಕೆ 10.5 ಆಳು, ದಾಟಿದ್ದು 6.5, ಅಂದರೆ 0.619. ಎರಡನ್ನೂ ಗುಣಿಸಿದರೆ 0.456. ಉತ್ತರ ಶೇ. 46.

ನೋಡಿ, 36 ಮತ್ತು 57ರ ನಡುವೆ ಉತ್ತರ ಬಂದು ನಿಂತಿತು. ಪ್ರತಿಯೊಬ್ಬರೂ ತಾವು ಕಣ್ಣಿಗೆ ಕಂಡಷ್ಟು ಕಾಲ ಲೆಕ್ಕದಲ್ಲಿದ್ದರು, ಆಮೇಲೆ ಹೊರಗೆ ಹೋದರು.

ಕಪ್ಲಾನ್–ಮೇಯರ್ ವಿಧಾನ

ಜೀವಿತ ಕೋಷ್ಟಕಕ್ಕೆ ಒಂದು ಕೊರತೆಯಿದೆ. ಕಂತು 12 ವಾರದ್ದೋ, 6 ವಾರದ್ದೋ, ಒಂದು ವರ್ಷದ್ದೋ ಎಂಬುದನ್ನು ಲೆಕ್ಕ ಹಾಕುವವರೇ ನಿರ್ಧರಿಸಬೇಕು. ಕಂತು ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ. ಸಾವಿರಾರು ಮಂದಿಯ ಲೆಕ್ಕದಲ್ಲಿ ಇದು ಅಷ್ಟಾಗಿ ಬಾಧಿಸದು. 21 ಮಂದಿಯ ಗುಂಪಿನಲ್ಲಿ ಬಾಧಿಸುತ್ತದೆ.

ಇದಕ್ಕೆ ಪರಿಹಾರ ಒದಗಿಸಿದವರು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೇಯರ್. ಕಪ್ಲಾನ್ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದಾಗ ಸಮುದ್ರದಡಿಯ ದೂರವಾಣಿ ಕೇಬಲ್‌ಗಳಲ್ಲಿ ಬಳಸುವ ನಿರ್ವಾತ ನಳಿಕೆಗಳು ಎಷ್ಟು ಕಾಲ ಬಾಳುತ್ತವೆ ಎಂಬ ಪ್ರಶ್ನೆಯಲ್ಲಿ ತೊಡಗಿದ್ದರು. ಮೇಯರ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ರೋಗಿಗಳ ಲೆಕ್ಕದಲ್ಲಿದ್ದರು. ಇಬ್ಬರೂ ಬೇರೆ ಬೇರೆಯಾಗಿ ಒಂದೇ ಪತ್ರಿಕೆಗೆ ಲೇಖನ ಕಳುಹಿಸಿದಾಗ, ಸಂಪಾದಕರು ಎರಡನ್ನೂ ಸೇರಿಸಿ ಒಂದು ಮಾಡಿರೆಂದು ಸೂಚಿಸಿದರು. 1958ರಲ್ಲಿ ಪ್ರಕಟವಾದ ಆ ಜಂಟಿ ಲೇಖನ ಸಂಖ್ಯಾಶಾಸ್ತ್ರದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಗಳಲ್ಲೊಂದು.

ಅವರ ಉಪಾಯವೆಂದರೆ, ಕಂತನ್ನು ನಾವು ನಿರ್ಧರಿಸುವುದೇ ಬೇಡ, ಘಟನೆ ನಡೆದ ದಿನವೇ ಕಂತಿನ ಕೊನೆಯಾಗಲಿ ಎಂಬುದು. ಪ್ರತಿ ಬಾರಿ ಯಾರಿಗಾದರೂ ಮರುಕಳಿಸಿದಾಗ, ಆ ಹೊತ್ತಿಗೆ ಇನ್ನೂ ನಮ್ಮ ಕಣ್ಣೆದುರು ಚೆನ್ನಾಗಿದ್ದವರು ಎಷ್ಟು, ಅವರಲ್ಲಿ ದಾಟಿದವರು ಎಷ್ಟು ಎಂದು ಭಾಗಿಸಿ, ಹಿಂದಿನ ಉತ್ತರಕ್ಕೆ ಗುಣಿಸುತ್ತ ಹೋಗುವುದು. ಲೆಕ್ಕ ಹೀಗೆ ಸಾಗುತ್ತದೆ:

6ನೇ ವಾರ: 21 ಮಂದಿಯಲ್ಲಿ 3 ಮಂದಿಗೆ ಮರುಕಳಿಸಿತು. ದಾಟಿದವರು 18. ಉತ್ತರ 0.857.
7ನೇ ವಾರ: ಈಗ ಉಳಿದವರು 17 (ಒಬ್ಬರ ದಾಖಲೆ 6ನೇ ವಾರಕ್ಕೇ ನಿಂತಿದೆ). ದಾಟಿದವರು 16. ಉತ್ತರ 0.807.
10ನೇ ವಾರ: 15ರಲ್ಲಿ 14. ಉತ್ತರ 0.753.
13ನೇ ವಾರ: 12ರಲ್ಲಿ 11. ಉತ್ತರ 0.690.
16ನೇ ವಾರ: 11ರಲ್ಲಿ 10. ಉತ್ತರ 0.627.
22ನೇ ವಾರ: 7ರಲ್ಲಿ 6. ಉತ್ತರ 0.538.
23ನೇ ವಾರ: 6ರಲ್ಲಿ 5. ಉತ್ತರ 0.448.

ಆದ್ದರಿಂದ 24 ವಾರಕ್ಕೆ ಶೇ. 45. ಜೀವಿತ ಕೋಷ್ಟಕದ ಉತ್ತರ 46. ಸರಿದಾರಿಗಳೆರಡೂ ಹೆಚ್ಚುಕಡಿಮೆ ಒಂದೇ ಊರಿಗೆ ತಲಪಿದವು. ರೋಗಿಗಳ ಸಂಖ್ಯೆ ಚಿಕ್ಕದಾಗಿದ್ದು ದಿನಾಂಕಗಳು ಸರಿಯಾಗಿ ಗೊತ್ತಿದ್ದರೆ ಕಪ್ಲಾನ್–ಮೇಯರ್ ವಿಧಾನ ಮೇಲು. ಇಡೀ ರಾಜ್ಯದ ಅಥವಾ ದೇಶದ ಲೆಕ್ಕದಲ್ಲಿ, ವರ್ಷ ಮಾತ್ರ ಗೊತ್ತಿದ್ದು ದಿನಾಂಕ ಗೊತ್ತಿಲ್ಲದಿರುವಾಗ, ಜೀವಿತ ಕೋಷ್ಟಕ ಇಂದಿಗೂ ಉಪಯುಕ್ತ.

ಮೆಟ್ಟಿಲಿನಂತಹ ರೇಖೆ

ಈ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಇಳಿಯುವ ಮೆಟ್ಟಿಲಿನಂತಹ ರೇಖೆ ಸಿಗುತ್ತದೆ. ಎಡಗಡೆ ನೂರರಿಂದ ಶುರುವಾಗಿ, ಒಬ್ಬೊಬ್ಬರಿಗೆ ಮರುಕಳಿಸಿದಾಗ ಒಂದೊಂದು ಮೆಟ್ಟಿಲು ಇಳಿಯುತ್ತದೆ. ದಾಖಲೆ ಅಪೂರ್ಣವಾಗಿ ನಿಂತವರ ಜಾಗದಲ್ಲಿ ಒಂದು ಚಿಕ್ಕ ಗೀಟು ಹಾಕುತ್ತಾರೆ. ಆಸ್ಪತ್ರೆಯ ಗೋಡೆಯ ಮೇಲೆ ಅಥವಾ ಔಷಧಿ ಕಂಪನಿಗಳ ಕರಪತ್ರದಲ್ಲಿ ನೀವು ನೋಡುವುದು ಇದೇ ರೇಖೆ.

ರೇಖೆಯನ್ನು ಓದುವಾಗ ಬಲಗಡೆಯ ಬಾಲವನ್ನು ಅತಿಯಾಗಿ ನಂಬಬಾರದು. ನಮ್ಮ ಉದಾಹರಣೆಯಲ್ಲಿ ಆರಂಭದ ಮೆಟ್ಟಿಲಿನ ಹಿಂದೆ 21 ಮಂದಿ ಇದ್ದರು. ಕೊನೆಯ ಮೆಟ್ಟಿಲಿನ ಹಿಂದೆ ಇದ್ದವರು 6 ಮಂದಿ ಮಾತ್ರ. ಅಲ್ಲಿ ಒಬ್ಬರು ಹೆಚ್ಚುಕಡಿಮೆಯಾದರೂ ರೇಖೆ ದಡಕ್ಕನೆ ಇಳಿಯುತ್ತದೆ. ಇಂತಹ ಅನಿಶ್ಚಿತತೆಯನ್ನು ಅಳೆಯುವ ಸೂತ್ರವನ್ನು ಇಂಗ್ಲೆಂಡಿನ ಮೇಜರ್ ಗ್ರೀನ್‌ವುಡ್ 1926ರಲ್ಲೇ ಕೊಟ್ಟಿದ್ದರು. (ಮೇಜರ್ ಎಂಬುದು ಅವರ ಹೆಸರು, ಸೈನ್ಯದ ಪದವಿಯಲ್ಲ.) ಆ ಸೂತ್ರದ ಪ್ರಕಾರ ನಮ್ಮ ಶೇ. 45 ಎಂಬುದು ವಾಸ್ತವದಲ್ಲಿ ಶೇ. 18ರಿಂದ 71ರ ನಡುವೆ ಎಲ್ಲಾದರೂ ಇರಬಹುದು. ಇಪ್ಪತ್ತೊಂದು ಮಂದಿಯಿಂದ ಅದಕ್ಕಿಂತ ಖಚಿತವಾದ ಉತ್ತರ ಸಿಗುವುದಿಲ್ಲ.

ಹಾಗಾದರೆ ಔಷಧಿ ಕೆಲಸ ಮಾಡಿದೆಯೆಂದು ಹೇಗೆ ಹೇಳುವುದು? ಎರಡು ರೇಖೆಗಳನ್ನು ಉದ್ದಕ್ಕೂ ಹೋಲಿಸಬೇಕು. ಲಾಗ್-ರ‍್ಯಾಂಕ್ ಎಂಬ ಪರೀಕ್ಷೆ ಇದನ್ನೇ ಮಾಡುತ್ತದೆ. ಔಷಧಿಗೂ ಹುಸಿ ಗುಳಿಗೆಗೂ ವ್ಯತ್ಯಾಸವೇ ಇಲ್ಲದಿದ್ದರೆ, ವಾರವಾರದ ಲೆಕ್ಕದಂತೆ ಔಷಧಿಯ ಗುಂಪಿನಲ್ಲಿ ಸುಮಾರು 19 ಮಂದಿಗೆ ಮರುಕಳಿಸಬೇಕಿತ್ತು. ಆದದ್ದು 9. ಹುಸಿ ಗುಳಿಗೆಯವರಲ್ಲಿ ಸುಮಾರು 11 ನಿರೀಕ್ಷೆಯಿದ್ದರೆ ಆದದ್ದು 21. ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಆ ಔಷಧಿ ಇಂದಿಗೂ ಮಕ್ಕಳ ಲುಕೇಮಿಯಾ ಚಿಕಿತ್ಸೆಯಲ್ಲಿದೆ. ಅನಂತರ ಇನ್ನೂ ಹಲವು ಔಷಧಿಗಳು ಜೊತೆಗೂಡಿ, ಲಿಂಫೋಬ್ಲಾಸ್ಟಿಕ್ ಎಂಬ ಬಗೆಯ ಲುಕೇಮಿಯಾ ಬಂದ ಮಕ್ಕಳಲ್ಲಿ ಐದು ವರ್ಷ ದಾಟುವವರು ಮುಂದುವರಿದ ದೇಶಗಳಲ್ಲಿ ಈಗ ನೂರಕ್ಕೆ ಸುಮಾರು 90.

ಮಧ್ಯಾಂಕ ಎಂದರೆ ಗಡುವಲ್ಲ

ರೇಖೆ ಅರ್ಧಕ್ಕೆ, ಅಂದರೆ ಐವತ್ತಕ್ಕೆ ಇಳಿಯುವ ಕಾಲವನ್ನು ಮಧ್ಯಾಂಕ ಎನ್ನುತ್ತಾರೆ. ಮೇಲಿನ ಪ್ರಯೋಗದಲ್ಲಿ ಹುಸಿ ಗುಳಿಗೆಯವರ ಮಧ್ಯಾಂಕ 8 ವಾರ, ಔಷಧಿಯವರದ್ದು 23 ವಾರ. ವೈದ್ಯರು ‘ಈ ರೋಗದಲ್ಲಿ ಸಾಮಾನ್ಯವಾಗಿ ಎಂಟು ತಿಂಗಳು’ ಎಂದಾಗ ಅವರು ಹೇಳುತ್ತಿರುವುದು ಬಹುತೇಕ ಈ ಮಧ್ಯಾಂಕವನ್ನೇ. ಅದನ್ನು ‘ಎಂಟು ತಿಂಗಳ ಗಡುವು’ ಎಂದು ತಿಳಿಯುವುದು ದೊಡ್ಡ ತಪ್ಪು. ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ ಎಂಬುದೇ ಅದರ ಅರ್ಥ. ಎಷ್ಟು ಹೆಚ್ಚು ಎಂಬುದನ್ನು ಮಧ್ಯಾಂಕ ಹೇಳುವುದೇ ಇಲ್ಲ.

ಅಮೆರಿಕದ ಪ್ರಸಿದ್ಧ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಹೊಟ್ಟೆಯ ಮೀಸೊಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಕಾಣಿಸಿತು. ಗ್ರಂಥಾಲಯದಲ್ಲಿ ಹುಡುಕಿದಾಗ ಅವರಿಗೆ ಸಿಕ್ಕ ಮಧ್ಯಾಂಕ ಎಂಟು ತಿಂಗಳು. ಅವರು ಎದೆಗುಂದದೆ ರೇಖೆಯ ಆಕಾರವನ್ನು ಯೋಚಿಸಿದರು. ಬಲಗಡೆಗೆ ರೇಖೆಯ ಬಾಲ ಉದ್ದವಾಗಿ ಚಾಚಿದೆ, ತಾನು ಕಿರಿಯ ವಯಸ್ಸಿನವನು, ಒಳ್ಳೆಯ ಚಿಕಿತ್ಸೆ ದೊರೆಯುತ್ತಿದೆ, ಆದ್ದರಿಂದ ಆ ಬಾಲದಲ್ಲಿ ತಾನಿರಲು ಕಾರಣವಿದೆ ಎಂದು ತರ್ಕಿಸಿದರು. 1985ರಲ್ಲಿ ಈ ಕುರಿತು ಬರೆದ ಅವರ ಪ್ರಬಂಧ ಹೆಸರಾಯಿತು. ಅವರು ತೀರಿಕೊಂಡದ್ದು 2002ರಲ್ಲಿ, ಇಪ್ಪತ್ತು ವರ್ಷಗಳ ನಂತರ, ಬೇರೊಂದು ಕ್ಯಾನ್ಸರ್‌ನಿಂದ. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ಅಂಕಿಯನ್ನು ತೀರ್ಪೆಂದು ಓದಬಾರದು ಎಂಬುದಕ್ಕೆ ಇದು ನಿದರ್ಶನ.

ಮತ್ತೆ ಬಾರದ ರೋಗಿಗಳು

ಮೇಲಿನ ಎರಡು ಸರಿದಾರಿಗಳೂ ಒಂದು ನಂಬಿಕೆಯ ಮೇಲೆ ನಿಂತಿವೆ. ಕಣ್ಮರೆಯಾದವರ ಗತಿಯೂ ಕಣ್ಣೆದುರು ಇರುವವರ ಗತಿಯಂತೆಯೇ ಇರುತ್ತದೆ ಎಂಬುದೇ ಆ ನಂಬಿಕೆ. ಅಧ್ಯಯನ ಮುಗಿದದ್ದರಿಂದ ದಾಖಲೆ ನಿಂತಿದ್ದರೆ ಇದು ಸರಿ. ಆದರೆ ರೋಗಿ ಆಸ್ಪತ್ರೆಗೆ ಬರುವುದನ್ನೇ ಬಿಟ್ಟಿದ್ದರೆ?

ನಮ್ಮ ದೇಶದಲ್ಲಿ ಇದು ದೊಡ್ಡ ಸಮಸ್ಯೆ. ಕೆಲವರು ಗುಣವಾಯಿತೆಂದು ಬರುವುದಿಲ್ಲ. ಬಸ್ಸಿಗೆ, ಊಟಕ್ಕೆ, ಕೂಲಿ ತಪ್ಪುವುದಕ್ಕೆ ಹೆದರಿ ಬಾರದವರು ಕೆಲವರು. ‘ಇನ್ನೇನೂ ಮಾಡಲಾಗದು, ಮನೆಯಲ್ಲೇ ಇರಲಿ’ ಎಂದು ಊರಿಗೆ ಕರೆದೊಯ್ದವರದು ಇನ್ನೊಂದು ಬಗೆ. ಒಂದು ಕಲ್ಪಿತ ಉದಾಹರಣೆ ನೋಡಿ. 100 ರೋಗಿಗಳಲ್ಲಿ ಒಂದು ವರ್ಷದ ಬಳಿಕ 70 ಮಂದಿ ಬದುಕಿರುವುದು ಗೊತ್ತಿದೆ, 10 ಮಂದಿ ತೀರಿಕೊಂಡಿರುವುದು ಗೊತ್ತಿದೆ, 20 ಮಂದಿ ಮೊದಲ ಭೇಟಿಯ ನಂತರ ಬಂದೇ ಇಲ್ಲ. ಬಾರದವರನ್ನು ಅಪೂರ್ಣ ದಾಖಲೆಯೆಂದು ಹೊರಗಿಟ್ಟರೆ 80ರಲ್ಲಿ 70, ಅಂದರೆ ಶೇ. 87.5 ಉಳಿದರು. ಆದರೆ ಆ ಇಪ್ಪತ್ತರಲ್ಲಿ 15 ಮಂದಿ ಊರಿನಲ್ಲಿ ತೀರಿಕೊಂಡಿದ್ದರೆ ನಿಜವಾದ ಉತ್ತರ ಶೇ. 75. ಯಾವ ಸೂತ್ರವೂ ಇದನ್ನು ತಾನಾಗಿ ಸರಿಪಡಿಸದು. ಮನೆಗೆ ಹೋಗಿ ವಿಚಾರಿಸುವುದೊಂದೇ ದಾರಿ.

1982ರಿಂದ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮುಂಬೈ, ಚೆನ್ನೈಗಳ ಜೊತೆ ಈ ಯೋಜನೆಯ ಮೊದಲ ಮೂರು ನಗರಗಳಲ್ಲಿ ಬೆಂಗಳೂರೂ ಒಂದು. ಇಂತಹ ನೋಂದಣಿಯ ಕೆಲಸದಲ್ಲಿ ಆಸ್ಪತ್ರೆಯ ಕಡತ ಸಾಲದು. ಮರಣ ದಾಖಲೆಗಳನ್ನು ತಾಳೆ ನೋಡಬೇಕು, ಪತ್ರ ಬರೆಯಬೇಕು, ವಿಳಾಸ ಹುಡುಕಿ ಮನೆ ಬಾಗಿಲಿಗೂ ಹೋಗಬೇಕು. ಆದ್ದರಿಂದ ಆಸ್ಪತ್ರೆಯಿಂದ ‘ನಿಮ್ಮ ತಂದೆಯವರು ಹೇಗಿದ್ದಾರೆ?’ ಎಂದು ವಿಚಾರಣೆ ಬಂದರೆ ಬೇಸರಿಸದೆ ಉತ್ತರ ಕೊಡಿ. ಅವರು ತೀರಿಕೊಂಡಿದ್ದರೂ ತಿಳಿಸಿ. ನಾಳೆ ಅದೇ ರೋಗದಿಂದ ಬರುವ ಇನ್ನೊಂದು ಮನೆಯವರಿಗೆ ಸರಿಯಾದ ಅಂಕಿ ಸಿಗುವುದು ನಿಮ್ಮ ಉತ್ತರದಿಂದ.

ವಯಸ್ಸಾದವರ ಲೆಕ್ಕ ಬೇರೆ

ಕಪ್ಲಾನ್–ಮೇಯರ್ ವಿಧಾನವನ್ನು ಎಲ್ಲಕ್ಕೂ ಹಚ್ಚಿದರೆ ತಪ್ಪಾಗುವ ಸಂದರ್ಭವೂ ಇದೆ. ಕೃತಕ ಸೊಂಟದ ಕೀಲು ಹಾಕಿಸಿಕೊಂಡ 100 ಮಂದಿ ವೃದ್ಧರಿದ್ದಾರೆ ಎಂದುಕೊಳ್ಳಿ. ಇದೂ ಕಲ್ಪಿತ ಉದಾಹರಣೆಯೇ. ಮೊದಲ ಐದು ವರ್ಷಗಳಲ್ಲಿ ಯಾರ ಕೀಲೂ ಕೆಡಲಿಲ್ಲ. ಆದರೆ 40 ಮಂದಿ ಬೇರೆ ಕಾರಣಗಳಿಂದ ತೀರಿಕೊಂಡರು. ಮುಂದಿನ ಐದು ವರ್ಷಗಳಲ್ಲಿ ಉಳಿದ 60 ಮಂದಿಯಲ್ಲಿ 6 ಮಂದಿಗೆ ಕೀಲು ಕೆಟ್ಟು ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ತೀರಿಕೊಂಡವರನ್ನು ಅಪೂರ್ಣ ದಾಖಲೆ ಎಂದು ಎಣಿಸಿದರೆ ಕೀಲು ಕೆಡುವ ಸಂಭವ 60ಕ್ಕೆ 6, ಅಂದರೆ ಶೇ. 10. ಆದರೆ ನೂರು ಮಂದಿಯಲ್ಲಿ ನಿಜವಾಗಿ ಎರಡನೆಯ ಬಾರಿ ಆಪರೇಷನ್ ಟೇಬಲ್ ಏರಿದವರು 6 ಮಂದಿ ಮಾತ್ರ. ತೀರಿಕೊಂಡವರ ಕೀಲು ಇನ್ನು ಮುಂದೆ ಕೆಡುವಂತೆಯೇ ಇಲ್ಲವಲ್ಲ! ಇಂತಹ ಕಡೆ, ಬೇರೆ ಕಾರಣದ ಸಾವನ್ನು ಪ್ರತ್ಯೇಕ ಫಲಿತಾಂಶವಾಗಿ ಎಣಿಸುವ ವಿಧಾನ ಬೇಕು. 1978ರಲ್ಲಿ ಆಲೆನ್ ಮತ್ತು ಯೋಹಾನ್ಸೆನ್ ಎಂಬ ಸಂಖ್ಯಾಶಾಸ್ತ್ರಜ್ಞರು ಅದಕ್ಕೆ ಭದ್ರ ತಳಹದಿ ಹಾಕಿದರು. ಎಂಬತ್ತರ ಅಜ್ಜನಿಗೆ ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದಾಗ ‘ಶಸ್ತ್ರಚಿಕಿತ್ಸೆ ಈಗಲೇ ಬೇಕೆ?’ ಎಂಬ ಪ್ರಶ್ನೆಗೆ ಈ ವ್ಯತ್ಯಾಸ ಬಹಳ ಮುಖ್ಯ.

ಐದು ವರ್ಷ – ಯಾವಾಗಿನಿಂದ, ಯಾವ ಕಾಲದ್ದು?

ಇನ್ನೆರಡು ಎಚ್ಚರಿಕೆಗಳನ್ನು ಹೇಳಬೇಕು. ಐದು ವರ್ಷದ ಅಂಕಿ ಸಿಗಬೇಕಾದರೆ ಐದು ವರ್ಷ ಕಾಯಬೇಕು. ಹಾಗಾಗಿ ಇಂದು ನೀವು ಕೇಳುವ ಅಂಕಿ, ಕೆಲವು ವರ್ಷಗಳ ಹಿಂದಿನ ಚಿಕಿತ್ಸೆ ಪಡೆದವರದ್ದು. ಈ ನಡುವೆ ಚಿಕಿತ್ಸೆ ಸುಧಾರಿಸಿದ್ದರೆ ಇಂದಿನ ರೋಗಿಯ ಸ್ಥಿತಿ ಅದಕ್ಕಿಂತ ಉತ್ತಮವಾಗಿರಬಹುದು. ಇತ್ತೀಚಿನ ಕೆಲವು ವರ್ಷಗಳ ಉಳಿವನ್ನು ಮಾತ್ರ ಕಂತುಕಂತಾಗಿ ಗುಣಿಸಿ ಹೆಚ್ಚು ತಾಜಾ ಅಂಕಿ ಪಡೆಯುವ ವಿಧಾನವನ್ನು ಜರ್ಮನಿಯ ಬ್ರೆನ್ನರ್ ಮತ್ತು ಗೆಫೆಲ್ಲರ್ 1996ರಲ್ಲಿ ಸೂಚಿಸಿದರು.

ಇನ್ನೊಂದು, ಎಣಿಕೆ ಶುರುವಾಗುವುದು ರೋಗ ಪತ್ತೆಯಾದ ದಿನದಿಂದ. ಒಬ್ಬರಿಗೆ 60ನೇ ವಯಸ್ಸಿನಲ್ಲಿ ರೋಗ ಪತ್ತೆಯಾಗಿ 63ಕ್ಕೆ ತೀರಿಕೊಂಡರೆ ಅವರು ‘ಮೂರು ವರ್ಷ’ ಬದುಕಿದರು. ಅವರಿಗೇ 57ರಲ್ಲಿ ಪರೀಕ್ಷೆಯಿಂದ ಪತ್ತೆಯಾಗಿ, 63ಕ್ಕೇ ತೀರಿಕೊಂಡರೆ ‘ಆರು ವರ್ಷ’ ಬದುಕಿದಂತಾಯಿತು. ಆಯುಷ್ಯ ಒಂದು ದಿನವೂ ಹೆಚ್ಚಲಿಲ್ಲ, ಐದು ವರ್ಷ ದಾಟಿದವರ ಪಟ್ಟಿಗೆ ಮಾತ್ರ ಸೇರಿದರು. ಹಾಗೆಂದು ಮುಂಜಾಗ್ರತಾ ಪರೀಕ್ಷೆ ಬೇಡವೆಂದು ತಿಳಿಯಬೇಡಿ. ಗರ್ಭಕೊರಳಿನ ಕ್ಯಾನ್ಸರ್‌ನಂತಹ ರೋಗಗಳಲ್ಲಿ ತಪಾಸಣೆಯಿಂದ ಸಾವಿನ ಪ್ರಮಾಣವೇ ಇಳಿದಿದೆ. ಒಂದು ತಪಾಸಣೆ ಉಪಯುಕ್ತವೇ ಎಂಬುದಕ್ಕೆ ಸಾವಿನ ಪ್ರಮಾಣ ಇಳಿದದ್ದೇ ಸಾಕ್ಷಿ. ಉಳಿವಿನ ಅಂಕಿ ಏರಿದ್ದು ಸಾಕ್ಷಿಯಲ್ಲ.

ವೈದ್ಯರನ್ನು ಏನು ಕೇಳಬೇಕು?

ನಿಮ್ಮ ಮನೆಯ ರೋಗಿಯ ಬಗ್ಗೆ ಇಂತಹ ಅಂಕಿ ಕೇಳಿಬಂದಾಗ ಸಂಕೋಚ ಪಡದೆ ಈ ಪ್ರಶ್ನೆಗಳನ್ನು ಕೇಳಿ:

1. ಈ ಅಂಕಿ ಎಷ್ಟು ರೋಗಿಗಳಿಂದ ಬಂದದ್ದು? ಯಾವ ವರ್ಷಗಳದ್ದು?
2. ಆ ರೋಗಿಗಳ ವಯಸ್ಸು ಮತ್ತು ರೋಗದ ಹಂತ ನಮ್ಮವರದ್ದನ್ನು ಹೋಲುತ್ತದೆಯೇ?
3. ಅದು ಬದುಕುಳಿಯುವ ಅಂಕಿಯೋ, ರೋಗ ಮರುಕಳಿಸದಿರುವ ಅಂಕಿಯೋ?
4. ನಡುವೆ ಬರುವುದನ್ನು ಬಿಟ್ಟವರು ಎಷ್ಟು ಮಂದಿ? ಅವರನ್ನು ಹೇಗೆ ಎಣಿಸಿದ್ದಾರೆ?
5. ಮಧ್ಯಾಂಕ ಇಷ್ಟು ಎಂದರೆ, ಚೆನ್ನಾಗಿ ಉಳಿದವರು ಎಷ್ಟು ಕಾಲ ಇದ್ದಾರೆ?
6. ಮೊದಲ ಒಂದೆರಡು ವರ್ಷ ದಾಟಿದರೆ ಮುಂದಿನ ಸಂಭವ ಎಷ್ಟಾಗುತ್ತದೆ?

ಕೊನೆಯ ಪ್ರಶ್ನೆ ತುಂಬ ಮುಖ್ಯ. ಉಳಿವಿನ ರೇಖೆ ಅನೇಕ ರೋಗಗಳಲ್ಲಿ ಮೊದಲು ಕಡಿದಾಗಿ ಇಳಿದು ಆಮೇಲೆ ಸಮತಟ್ಟಾಗುತ್ತದೆ. ಎರಡು ವರ್ಷ ದಾಟಿದ ರೋಗಿಗೆ ಮೊದಲ ದಿನದ ಅಂಕಿ ಅನ್ವಯಿಸುವುದಿಲ್ಲ. ಅವರು ಕಡಿದಾದ ಮೆಟ್ಟಿಲುಗಳನ್ನು ಆಗಲೇ ದಾಟಿಬಿಟ್ಟಿದ್ದಾರೆ. ಆದ್ದರಿಂದ ಪ್ರತಿ ತಪಾಸಣೆಯ ಸಮಯದಲ್ಲೂ ಲೆಕ್ಕವನ್ನು ಹೊಸದಾಗಿ ಕೇಳಿ ತಿಳಿಯಿರಿ. ಚೆನ್ನಾಗಿದ್ದೇವೆಂದು ತಪಾಸಣೆಯನ್ನು ತಪ್ಪಿಸಬೇಡಿ. ಆಸ್ಪತ್ರೆಯ ಚೀಟಿ, ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಒಂದು ಕಡತದಲ್ಲಿ ಜೋಡಿಸಿಡಿ, ವಿಳಾಸ ಬದಲಾದರೆ ಆಸ್ಪತ್ರೆಗೆ ತಿಳಿಸಿ.